ಕಾಳಕ್ಕ ಚುಚ್ಚಿದ ಕಿವಿ

ಕಾಳಕ್ಕನಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಹಟ್ಟಿಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು ಕಷ್ಟ, ಬಾಯಿದ್ದವರು ಹೇಳುತ್ತಾರೆ. ಕುರಿ ಕೂಡುವ ರೊಪ್ಪಕ್ಕೆ ತೋಳ ನುಗ್ಗಿದಾಗ ಗಂಡಸರು ಕೋಲು ಹುಡುಕುವಷ್ಟರಲ್ಲಿ ಒಲೆಯ ಕೊಳ್ಳಿ ಹಿಡಿದು ಓಡಿದವಳು ಅವಳೇ ಎಂಬುದು ನಿಜ. ಮಾರಿಕಣಿವೆಯ ಗುಡ್ಡದಲ್ಲಿ ಚಿರತೆಯ ಬಾಯಿಂದ ಟಗರನ್ನು ಕಿತ್ತುಕೊಂಡು ಬಂದಳು ಎಂಬುದು ಅರ್ಧ ನಿಜ. ಅವಳು ಹೋಗುವಷ್ಟರಲ್ಲಿ ಟಗರು ಸತ್ತಿತ್ತು, ಚಿರತೆ ತನ್ನ ಪಾಡಿಗೆ ತಾನು ಹೋಗಿತ್ತು. ಆದರೆ ಹಿರಿಯೂರಿನ ಆಸ್ಪತ್ರೆಯ ಸುಣ್ಣ ಬಳಿದ ಗೋಡೆ ದೂರದಲ್ಲಿ ಕಂಡರೆ ಸಾಕು, ಇದೇ ಕಾಳಕ್ಕ ಹೆದರಿ ಸುತ್ತು ದಾರಿ ಹಿಡಿಯುತ್ತಿದ್ದಳು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಕೊಂಡಿದ್ದರೆ, ಏನೂ ಅರಿಯದ ಒಂದು ಮಗುವಿನ ಕಿವಿಗೆ ತನ್ನ ಕೈಯಾರೆ ಜಾಲಿಮುಳ್ಳು ಚುಚ್ಚುವ ಗತಿ ಅವಳಿಗೆ ಬರುತ್ತಿರಲಿಲ್ಲವೇನೋ.

ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಪ್ಲೇಗು ಬಂದ ವರ್ಷ ಅವಳ ಗಂಡ ಸಣ್ಣತಿಮ್ಮಪ್ಪ ಉಣ್ಣೆ ಮಾರಲು ಹಿರಿಯೂರಿನ ಸಂತೆಗೆ ಹೋಗಿದ್ದ. ಊರ ಬಾಗಿಲಲ್ಲಿ ಸರ್ಕಾರಿ ಆಸ್ಪತ್ರೆಯವರು ನಿಲ್ಲಿಸಿ, ಕಂಕುಳು ಮುಟ್ಟಿ ನೋಡಿ, ತೊಡೆಸಂದು ಒತ್ತಿ ನೋಡಿ, ಊರಾಚೆ ಹಾಕಿದ್ದ ಸೋಗೆ ಶೆಡ್ಡಿಗೆ ಕಳಿಸಿದರು. ಸುದ್ದಿ ತಿಳಿದು ಕಾಳಕ್ಕ ಓಡಿಹೋದಾಗ ಶೆಡ್ಡಿನ ಸುತ್ತ ಹಗ್ಗ ಕಟ್ಟಿದ್ದರು, ಒಳಗೆ ಬಿಡಲಿಲ್ಲ. ಹಗ್ಗದ ಈಚೆ ಕುಳಿತು ಕೂಗಿದಳು. ಒಂದು ಸಲ ಅವನು ಓಗೊಟ್ಟ ಹಾಗೆ ಕೇಳಿಸಿತು. ಮರುದಿನ ಬೆಳಗ್ಗೆ ಎಲ್ಲ ಮುಗಿಯಿತು ಎಂದರು, ಮುಖ ತೋರಿಸಲಿಲ್ಲ. ಅಂದಿನಿಂದ ಕಾಳಕ್ಕನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕುಳಿತುಬಿಟ್ಟಿತು: ಅವರು ಮೈ ಒತ್ತಿ ನೋಡುತ್ತಾರೆ, ಆಮೇಲೆ ಇಟ್ಟುಕೊಳ್ಳುತ್ತಾರೆ, ಇಟ್ಟುಕೊಂಡವರನ್ನು ವಾಪಸು ಕೊಡುವುದಿಲ್ಲ.

ಮಾರಿಕಣಿವೆಯಲ್ಲಿ ಅಣೆಕಟ್ಟೆಯಾಗಿ ನಾಲೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಹಿರಿಯೂರಿನ ಸುತ್ತಲ ನೆಲ ಹಸಿರಾಯಿತು. ಜನ ಕೈಮುಗಿದರು. ನೀರಿನ ಹಿಂದೆಯೇ ಚಳಿಜ್ವರವೂ ಬಂತು. ಅದಕ್ಕೆ ಯಾರು ಕೈಮುಗಿಯುತ್ತಾರೆ? ಕಾಳಕ್ಕನ ಗೊಲ್ಲರಹಟ್ಟಿ ನಾಲೆಯ ಏರಿಯಿಂದ ಕೂಗಳತೆಯಲ್ಲಿತ್ತು. ಸಂಜೆಯಾದರೆ ಸೊಳ್ಳೆಗಳು ಕುರಿಯ ಮೇಲೂ ಕೂರುತ್ತಿದ್ದವು, ಮನುಷ್ಯರ ಮೇಲೂ ಕೂರುತ್ತಿದ್ದವು. ಹಟ್ಟಿಯಲ್ಲಿ ಯಾರಾದರೂ ಒಬ್ಬರು ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗಿರದ ದಿನವೇ ಇರಲಿಲ್ಲ.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಜ್ವರ ಕಾಳಕ್ಕನ ಮೊಮ್ಮಗ ಚಿತ್ರಲಿಂಗನಿಗೆ ಬಂತು. ಇನ್ನೂ ಹಾಲುಹಲ್ಲು ಬೀಳದ ಮಗು, ಮಗ ಸಣ್ಣಪ್ಪನ ಮೊದಲ ಕೂಸು. ಸಣ್ಣಪ್ಪ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗಿದ್ದ. ಸೊಸೆ ಬರಗೇರಮ್ಮ ಎರಡನೆಯದನ್ನು ಹೆತ್ತು, ಹಟ್ಟಿಯ ಪದ್ಧತಿಯಂತೆ ಬೇಲಿಯಾಚೆಯ ಬಾಣಂತಿ ಗುಡಿಸಲಲ್ಲಿದ್ದಳು. ಸೂತಕ ಕಳೆಯುವವರೆಗೆ ಒಳಗೆ ಬರುವಂತಿಲ್ಲ, ಮಗನನ್ನು ಮುಟ್ಟುವಂತಿಲ್ಲ. ಹಾಗಾಗಿ ಮಗುವಿನ ಭಾರವೆಲ್ಲ ಅಜ್ಜಿಯ ಮೇಲೆ ಬಿತ್ತು. ದಿನ ಬಿಟ್ಟು ದಿನ ಜ್ವರ ಏರಿ, ಮೈ ಹಳದಿಯಾಗಿ, ಹೊಟ್ಟೆಯ ಎಡಮಗ್ಗುಲು ಕಲ್ಲು ಇಟ್ಟಂತೆ ಗಟ್ಟಿಯಾದಾಗ, ದೇವರ ಭಂಡಾರದ ಅರಿಶಿನ ಹಚ್ಚಿ ಹಚ್ಚಿ ಸಾಕಾಗಿ, ಕಾಳಕ್ಕ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹಿರಿಯೂರಿಗೆ ಹೊತ್ತಳು. ಸುಣ್ಣದ ಗೋಡೆ ಕಂಡ ಮೇಲೂ ನಿಲ್ಲದೆ ನಡೆದಳು. ಅಷ್ಟಕ್ಕೆ ಅವಳನ್ನು ಮೆಚ್ಚಲೇಬೇಕು.

ಆಸ್ಪತ್ರೆಗೆ ಆಗ ನಾಲೆಯ ಜ್ವರ ನೋಡಲೆಂದೇ ಮೈಸೂರು ಕಡೆಯಿಂದ ಒಬ್ಬ ಡಾಕ್ಟರು ಬಂದಿದ್ದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಅವರು ಮಗುವಿನ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಕಾಂಪೌಂಡರ್ ಮುರುಗೇಶಪ್ಪ ಮಗುವಿನ ತಲೆ ಹಿಡಿದುಕೊಂಡ. ಡಾಕ್ಟರು ಎಡಗಿವಿಯ ಹಾಲೆಗೆ ಸೂಜಿ ಚುಚ್ಚಿ, ಉಕ್ಕಿದ ರಕ್ತದ ಹನಿಯನ್ನು ಒಂದು ಗಾಜಿನ ಪಟ್ಟಿಗೆ ಸವರಿಕೊಂಡು, ಕಿಟಕಿಯ ಬಳಿಯ ಹಿತ್ತಾಳೆ ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ಕುಳಿತರು.

ಕಿವಿ ಚುಚ್ಚುವುದು ಗೊಲ್ಲರಿಗೆ ಹೊಸದಲ್ಲ. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೆ ಬೆಲ್ಲ ಇಟ್ಟು, ನೆಂಟರಿಗೆ ಊಟ ಹಾಕಿ ಮಾಡುವ ಶುಭಕಾರ್ಯ ಅದು. ಆದರೆ ಯಾರೂ ಇಲ್ಲದ ಹೊತ್ತಿನಲ್ಲಿ, ತಲೆ ಅದುಮಿ ಹಿಡಿದು, ಎಡಗಿವಿಯಿಂದ ರಕ್ತ ಬರಿಸುವುದೆಂದರೆ ಅವರಲ್ಲಿ ಬೇರೆಯೇ ಅರ್ಥ. ದೇವರಿಗೆ ಬಿಟ್ಟ ಮರಿಗೆ ಹಾಗೆ ಗುರುತು ಮಾಡುತ್ತಾರೆ. ಗುರುತಾದ ಮರಿ ಮಂದೆಯಲ್ಲೇ ಮೇಯುತ್ತದೆ, ಎಲ್ಲ ಮರಿಗಳ ಹಾಗೆಯೇ ಕುಣಿಯುತ್ತದೆ, ಆದರೆ ಅದು ಮನೆಯದಲ್ಲ. ಕೇಳಿದ ದಿನ ಕೊಡಬೇಕು. ಕಾಳಕ್ಕ ಮೊಮ್ಮಗನ ಕಿವಿಯನ್ನು ಸೆರಗಿನಿಂದ ಒತ್ತಿಕೊಂಡು, ಯಾರು ಕೇಳುತ್ತಾರೆ, ಯಾವತ್ತು ಕೇಳುತ್ತಾರೆ ಎಂದು ಕುಳಿತಿದ್ದಳು.

"ರಕ್ತದಲ್ಲಿ ಜ್ವರದ ಹುಳು ಇದೆ ಅಜ್ಜಿ," ಎಂದರು ಡಾಕ್ಟರು. "ಈ ಪುಡಿ ಕಹಿ. ಆದರೂ ಒಂದು ದಿನವೂ ತಪ್ಪಿಸಬಾರದು. ಅಮಾವಾಸ್ಯೆ ಕಳೆದ ಮೇಲಿನ ಸಂತೆಗೆ ಮತ್ತೆ ಕರೆದುಕೊಂಡು ಬಾ. ರಕ್ತ ಇನ್ನೊಂದು ಸಲ ನೋಡಬೇಕು. ಹುಳು ಹೋಗಿರದಿದ್ದರೆ ಇಲ್ಲೇ ಮಲಗಿಸಿಕೊಂಡು ಔಷಧಿ ಕೊಡಬೇಕಾಗುತ್ತದೆ."

ಉಳಿದ ಮಾತೆಲ್ಲ ಕಾಳಕ್ಕನ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಯಿತು. ಇಲ್ಲೇ ಮಲಗಿಸಿಕೊಂಡು ಎಂಬುದೊಂದು ಮಾತ್ರ ಒಳಗೇ ಉಳಿಯಿತು.

ಕ್ವಿನೈನಿನ ಪುಡಿಯನ್ನು ಬೆಲ್ಲದಲ್ಲಿ ಕಲಸಿ, ಮುದ್ದೆಯಲ್ಲಿ ಹುದುಗಿಸಿ, ಬಯ್ದು, ಮುದ್ದಿಸಿ, ಮೂಗು ಹಿಡಿದು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಗು ಗೆಲುವಾಯಿತು. ನಡುಕ ನಿಂತಿತು, ಹೊಟ್ಟೆಯ ಕಲ್ಲು ಕರಗಿತು. ದಿನಾ ಸಂಜೆ ಬೇಲಿಯಾಚೆಯಿಂದ ಬರಗೇರಮ್ಮ ಕೂಗುತ್ತಿದ್ದಳು:

"ಅತ್ತೇ, ಹೆಂಗವ್ನೆ ನನ್ನ ಮಗ?"

"ಹುಲಿ ಆಗವ್ನೆ ಕಣೇ. ನೀನು ಆ ಕೂಸಿನ ಕಡೆ ನೋಡ್ಕೊ."

ಹೀಗೆ ಎಲ್ಲ ನೆಟ್ಟಗಿದ್ದಾಗಲೇ, ಅಮಾವಾಸ್ಯೆ ಕಳೆದು ಸಂತೆಗೆ ಇನ್ನೇನು ಹೊರಡಬೇಕು ಎನ್ನುವ ಹಿಂದಿನ ದಿನ, ಕಾಳಕ್ಕ ಮಗುವಿನ ಹಣೆ ಮುಟ್ಟಿದಳು. ಬಿಸಿ ಇತ್ತು. ಬಿಸಿಲಲ್ಲಿ ಆಡಿ ಬಂದಿದ್ದಕ್ಕೋ, ನಿಜವಾಗಿಯೇ ಇತ್ತೋ ಗೊತ್ತಿಲ್ಲ. ಕೈ ತೆಗೆದು ಮತ್ತೆ ಮುಟ್ಟಿದಳು. ಬಿಸಿ ಇದ್ದಂತೆಯೇ ಅನಿಸಿತು. ಹೆದರಿದವರ ಕೈಗೆ ಯಾವ ಹಣೆ ತಾನೇ ತಣ್ಣಗಿರುತ್ತದೆ! ಹುಳು ಹೋಗಿಲ್ಲ, ನಾಳೆ ಆ ಕೊಳವೆಯಲ್ಲಿ ಕಾಣುತ್ತದೆ, ಮಗುವನ್ನು ಇಟ್ಟುಕೊಳ್ಳುತ್ತಾರೆ. ಬೇಲಿಯಾಚೆ ಇರುವ ತಾಯಿಗೆ ಏನು ಹೇಳಲಿ? ಹೊಸದುರ್ಗದ ಕಡೆ ಇರುವ ತಂದೆಗೆ ಏನು ಹೇಳಲಿ? ಅವಳಿಗೆ ಅನ್ನ ಸೇರಲಿಲ್ಲ. ಹೋಗದೆಯೇ ಇದ್ದುಬಿಡಬಹುದಿತ್ತು ಎನ್ನುತ್ತೀರಿ. ಹೋಗದಿದ್ದರೆ ಅವರೇ ಹುಡುಕಿಕೊಂಡು ಬರುತ್ತಾರೆ ಎಂಬುದು ಅವಳ ನಂಬಿಕೆ. ಗುರುತು ಮಾಡಿದವರು ಮರಿಯನ್ನು ಬಿಡುತ್ತಾರೆಯೇ?

ಅದೇ ಸಂಜೆ ರೊಪ್ಪದಲ್ಲಿ ಒಂದು ಕೆಲಸವಿತ್ತು. ಹಟ್ಟಿಯಲ್ಲೇ ಉಳಿದಿದ್ದ ಈದ ಕುರಿಗಳಲ್ಲಿ ಒಂದರ ಮರಿ ಸತ್ತಿತ್ತು. ಇನ್ನೊಂದು ಮರಿಯ ತಾಯಿ ಸತ್ತಿತ್ತು. ಕುರಿ ತನ್ನದಲ್ಲದ ಮರಿಯನ್ನು ಮೂಸಿ ನೋಡಿ ಒದೆಯುತ್ತದೆ, ಹಾಲು ಕೊಡುವುದಿಲ್ಲ. ಕುರುಬರು, ಗೊಲ್ಲರು ಅದಕ್ಕೆ ಒಂದು ಉಪಾಯ ಮಾಡುತ್ತಾರೆ. ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಗೆ ಹೊದಿಸಿ ಬಿಡುತ್ತಾರೆ. ಕುರಿ ಮೂಸಿ ನೋಡಿ ತನ್ನದೇ ಎಂದುಕೊಂಡು ಸುಮ್ಮನೆ ನಿಲ್ಲುತ್ತದೆ. ಕಾಳಕ್ಕ ಆ ಕೆಲಸ ಮಾಡಿ ಮುಗಿಸಿ, ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುವುದನ್ನು ನೋಡುತ್ತ ನಿಂತಳು. ನೋಡುತ್ತಿದ್ದ ಹಾಗೆಯೇ ಅವಳಿಗೆ ಆ ಯೋಚನೆ ಬಂತು. ಮೂಸಿ ನೋಡುವ ಕುರಿಯನ್ನೇ ಏಮಾರಿಸಬಹುದಾದರೆ, ಮೂಸಿಯೂ ನೋಡದ ಡಾಕ್ಟರನ್ನು ಏಮಾರಿಸುವುದು ಏನು ಮಹಾ? ಹೊದಿಸಿದ್ದು ಸತ್ತ ಮರಿಯ ತೊಗಲು ಎಂಬುದನ್ನು ಮಾತ್ರ ಅವಳು ಆಗ ಯೋಚಿಸಲಿಲ್ಲ.

ಕಾಳಕ್ಕನ ಮಗಳು ದುರುಗಕ್ಕನನ್ನು ಅದೇ ಹಟ್ಟಿಯಲ್ಲಿ ಕೊಟ್ಟಿದ್ದರು. ಅವಳ ಮಗ ಜುಂಜಣ್ಣ ಚಿತ್ರಲಿಂಗನ ಓರಗೆಯವನು. ಅದೇ ಎತ್ತರ, ಅದೇ ಬೋಳುತಲೆ, ಅದೇ ಜುಟ್ಟು. ಆದರೆ ಕಾಯಿಲೆ ಎಂಬುದು ಅವನ ಹತ್ತಿರ ಸುಳಿದದ್ದಿಲ್ಲ. ಬೇಲಿ ಹಾರುವುದು, ನಾಯಿಯ ಬಾಲ ಎಳೆಯುವುದು, ನೆಲುವಿನ ಬೆಣ್ಣೆಗೆ ಕೈ ಹಾಕುವುದು, ಸಿಕ್ಕಿಬಿದ್ದರೆ ನಗುವುದು. ಹಟ್ಟಿಯಲ್ಲಿ ಒಳ್ಳೆಯ ರಕ್ತ ಯಾರದು ಎಂದು ಕೇಳಿದರೆ ಕುರುಡರೂ ಅವನನ್ನೇ ತೋರಿಸುತ್ತಿದ್ದರು.

"ಸಂತೆಗೆ ಹೋಗ್ತಿವ್ನಿ. ಜುಂಜಣ್ಣನ್ನ ಕಳ್ಸು, ಮಂಡಕ್ಕಿ ಕೊಡಿಸ್ತೀನಿ," ಎಂದಳು ಕಾಳಕ್ಕ ಮಗಳಿಗೆ.

"ಚಿತ್ರಲಿಂಗನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಲ್ವೇನವ್ವಾ?"

"ಅವ್ನು ಚೆನ್ನಾಗವ್ನೆ. ಮನೇಲೇ ಇರ್ಲಿ ಬಿಡು. ಒಂದಿಷ್ಟು ನೋಡ್ಕೊ."

ತಾಯಿ ಮಗಳಿಗೆ ಹೇಳಿದ ಸುಳ್ಳು ಅದು. ದುರುಗಕ್ಕ ಮಗನ ಮುಖ ತೊಳೆದು, ಜುಟ್ಟು ಕಟ್ಟಿ ಕಳಿಸಿದಳು.

ಹಟ್ಟಿ ಮರೆಯಾದ ಮೇಲೆ ಕಾಳಕ್ಕ ಜುಂಜಣ್ಣನಿಗೆ ಚಿತ್ರಲಿಂಗನ ಅಂಗಿ ತೊಡಿಸಿದಳು, ಚಿತ್ರಲಿಂಗನ ತಾಯಿತವನ್ನು ಕೊರಳಿಗೆ ಕಟ್ಟಿದಳು, ಚಿತ್ರಲಿಂಗನ ಕಂಬಳಿ ಹೊದಿಸಿದಳು. ನಾಲೆಯ ಏರಿಯ ಮೇಲೆ ನಡೆಯುತ್ತ ಪಾಠ ಹೇಳಿದಳು.

"ನಿನ್ನ ಹೆಸರೇನು ಅಂತ ಕೇಳ್ತಾರೆ. ಏನಂತೀಯ?"

"ಜುಂಜಣ್ಣ."

"ಅಲ್ಲಲೇ! ಚಿತ್ರಲಿಂಗ ಅನ್ಬೇಕು."

"ಅವ್ನು ಮನೇಲವ್ನಲ್ಲಜ್ಜಿ."

"ಇದು ಆಟ ಕಣಪ್ಪ. ಚಿತ್ರಲಿಂಗ ಅಂತ ಸರಿಯಾಗಿ ಹೇಳಿದ್ರೆ ಅವರು ಬಿಟ್ಬಿಡ್ತಾರೆ. ಆಮೇಲೆ ಸಂತೇಲಿ ಮಂಡಕ್ಕಿ."

ಮಂಡಕ್ಕಿ ಎಂದ ಮೇಲೆ ಜುಂಜಣ್ಣನಿಗೆ ಹೆಸರಿನ ಮೇಲೆ ಯಾವ ಹಟವೂ ಉಳಿಯಲಿಲ್ಲ. ದಾರಿಯುದ್ದಕ್ಕೂ ಚಿತ್ರಲಿಂಗ, ಚಿತ್ರಲಿಂಗ ಎಂದು ಕುಣಿದುಕೊಂಡು ಹೋದ. ಆದರೆ ಊರು ಹತ್ತಿರವಾದ ಹಾಗೆ ಕಾಳಕ್ಕನಿಗೆ ಇನ್ನೊಂದು ಅಳುಕು ಹುಟ್ಟಿತು. ಕಿವಿ ನೋಡಿದರೆ? ಹೋದ ಸಲ ಚುಚ್ಚಿದ ಗುರುತು ಎಲ್ಲಿ ಎಂದು ಕೇಳಿದರೆ? ಅವಳು ಏರಿಯ ಕೆಳಗಿನ ಜಾಲಿಮರದ ಹತ್ತಿರ ನಿಂತಳು. ಒಂದು ಮುಳ್ಳು ಮುರಿದಳು. ಹುಡುಗನ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡಳು, ಮುರುಗೇಶಪ್ಪ ಹಿಡಿದುಕೊಂಡಿದ್ದನಲ್ಲ, ಹಾಗೆಯೇ. ಎಡಗಿವಿಯ ಹಾಲೆಗೆ ಚುಚ್ಚಿದಳು.

ಹುಡುಗ ಚೀರಿದ. ಅವಳ ಬೆರಳ ಮೇಲೆ ರಕ್ತ ಬಿಸಿಯಾಗಿ ಇಳಿಯಿತು. ಎಷ್ಟೋ ಮರಿಗಳ ಕಿವಿ ಸೀಳಿದ ಕೈ ಅದು. ಯಾರಿಗೋ ಬಿಟ್ಟುಕೊಟ್ಟ ಹಾಗಾಯಿತಲ್ಲ ಈ ಮಗುವನ್ನು ಎಂದು ಅವಳಿಗೆ ಅನಿಸಿತು. ಬಾಯಿಗೆ ಬೆಲ್ಲದ ಚೂರು ಇಟ್ಟು, ಕಣ್ಣು ಒರೆಸಿ, ಎತ್ತಿಕೊಂಡು ನಡೆದಳು. ತಿರುಗಿ ಹೋಗಿಬಿಡೋಣ ಎಂದುಕೊಂಡದ್ದೂ ಉಂಟು. ಕಾಲು ಮಾತ್ರ ಮುಂದೆಯೇ ಹೋಯಿತು.

ಆಸ್ಪತ್ರೆಯ ಜಗಲಿಯಲ್ಲಿ ಮುರುಗೇಶಪ್ಪ ಎದುರಾದ. ವಿಭೂತಿ ಹಚ್ಚಿದ ಅಗಲ ಹಣೆ, ಎಲ್ಲರನ್ನೂ ಮಾತಾಡಿಸುವ ಚಪಲ.

"ಏನಜ್ಜಿ, ಬಂದ್ಯಾ? ಅರೆ, ಹುಡುಗ ಚೆನ್ನಾಗಿ ಮೈ ತುಂಬ್ಕೊಂಡವ್ನಲ್ಲ! ಹೋದ ಸಲ ಕಡ್ಡಿ ಆಗಿದ್ದ."

"ನಿಮ್ಮ ಪುಡಿ ಪ್ರಭಾವ ಸ್ವಾಮಿ."

"ಕಿವಿ ಯಾಕೆ ಹಸಿ ಐತೆ?"

"ಮುಳ್ಳು ಗೀರ್ತು," ಎಂದಳು ಕಾಳಕ್ಕ. ಅಂದಿನ ಬೆಳಗ್ಗೆಯಿಂದ ಅವಳು ಆಡಿದ ಮೊದಲ ನಿಜ ಅದೇ.

ಡಾಕ್ಟರು ಹೆಸರು ಕೇಳಿದರು. ಹುಡುಗ ಎದೆ ಸೆಟೆಸಿ ಚಿತ್ರಲಿಂಗ ಎಂದ. ಅವರು ಹೊಟ್ಟೆ ಒತ್ತಿ ನೋಡಿ, ಜ್ವರದ ಗಡ್ಡೆ ಎಷ್ಟೋ ಇಳಿದಿದೆ ಎಂದು ಮೊದಲ ಸಲ ನಕ್ಕರು. ಬಲಗಿವಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡರು. ಹೊರಗೆ ಕುಳಿತಿರು ಎಂದರು. ಕಾಳಕ್ಕ ಜಗಲಿಯ ಕಂಬಕ್ಕೆ ಒರಗಿ ಕುಳಿತಳು. ಎದುರಿಗೆ ತೆರೆದ ಬಾಗಿಲು, ಬಾಗಿಲೊಳಗೆ ಸಾಲು ಮಂಚ. ಒಂದು ಮಂಚದ ಮೇಲೆ ಕಂಬಳಿಯೊಂದು ಅಲ್ಲಾಡುತ್ತಿತ್ತು. ಒಳಗೆ ಇದ್ದವರು ಗಂಡಸೋ ಹೆಂಗಸೋ ಕಾಣಿಸುತ್ತಿರಲಿಲ್ಲ. ಅವಳು ಆ ಕಡೆ ನೋಡಬಾರದು ಎಂದುಕೊಂಡು ಅದನ್ನೇ ನೋಡುತ್ತಿದ್ದಳು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಧೈರ್ಯವಿತ್ತು. ಜುಂಜಣ್ಣನ ರಕ್ತ ತಾನೆ, ಅದರಲ್ಲಿ ಏನು ಸಿಗುತ್ತದೆ? ಇನ್ನೇನು ಹೋಗು ಎನ್ನುತ್ತಾರೆ. ಇನ್ನೇನು ಮುಗಿಯಿತು.

ಡಾಕ್ಟರು ಬಹಳ ಹೊತ್ತು ಕರೆಯಲಿಲ್ಲ. ಒಮ್ಮೆ ಎದ್ದು ಬಂದು ಹುಡುಗನನ್ನು ನೋಡಿ ಮತ್ತೆ ಒಳಗೆ ಹೋದರು. ಕರೆದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಅಜ್ಜಿ, ಪುಡಿ ದಿನಾ ಕೊಟ್ಟೆಯಾ? ನಿಜ ಹೇಳು."

"ದೇವರಾಣೆ ಸ್ವಾಮಿ. ಒಂದಿನ ತಪ್ಪಿಸಿಲ್ಲ."

"ಹಾಗಾದರೆ ಆ ಪುಡಿ ಇವನಿಗೆ ನಾಟಿಲ್ಲ. ರಕ್ತದ ತುಂಬ ಹುಳು ಇದೆ. ಇಷ್ಟು ಪುಡಿ ತಿಂದ ಮೇಲೂ ಹೀಗಿದ್ದರೆ ಮನೆಗೆ ಕಳಿಸುವ ಹಾಗಿಲ್ಲ. ಇವತ್ತಿನಿಂದ ಇಲ್ಲೇ ಇರಲಿ. ಮುರುಗೇಶಪ್ಪ, ಹುಡುಗನನ್ನು ಒಳಗೆ ಕರೆದುಕೊಂಡು ಹೋಗು."

ಕಾಳಕ್ಕನಿಗೆ ಮೊದಲು ಮಾತು ಅರ್ಥವಾಗಲಿಲ್ಲ. ಜುಂಜಣ್ಣನ ರಕ್ತದ ತುಂಬ ಹುಳು. ಬೇಲಿ ಹಾರುವ ಜುಂಜಣ್ಣನ ರಕ್ತದಲ್ಲಿ. ಅರ್ಥವಾದ ಮೇಲೆ ಜಾಲಿಮುಳ್ಳು ಕಣ್ಣ ಮುಂದೆ ಬಂತು. ಗುರುತು ಮಾಡಿದವಳು ತಾನೇ. ರೊಪ್ಪದಲ್ಲಿ ಹೊದಿಸಿದ ತೊಗಲು ಕಣ್ಣ ಮುಂದೆ ಬಂತು. ರೋಗದ ಅಂಗಿ ತೊಡಿಸಿದವಳೂ ತಾನೇ. ದುರುಗಕ್ಕ ಜುಟ್ಟು ಕಟ್ಟಿ ಕಳಿಸಿದ್ದಾಳೆ, ಸಂಜೆ ಹಟ್ಟಿಯ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟರೆ ಚಿತ್ರಲಿಂಗ ಉಳಿಯುತ್ತಾನೆ. ಈ ಯೋಚನೆಯೂ ಅವಳ ತಲೆಯಲ್ಲಿ ಹಾದುಹೋಯಿತು, ಮುಚ್ಚಿಡುವುದೇಕೆ? ಮಗನ ಮಗ ಮನೆಯಲ್ಲಿ, ಮಗಳ ಮಗ ಇಲ್ಲಿ. ಅಷ್ಟು ಹೊತ್ತು ಅವಳು ಬಾಯಿ ಬಿಡಲಿಲ್ಲ.

ಮುರುಗೇಶಪ್ಪ ಹುಡುಗನ ಕೈ ಹಿಡಿದ. ಒಳಗಿನ ಮಂಚಗಳನ್ನೂ ಅಲ್ಲಾಡುವ ಕಂಬಳಿಯನ್ನೂ ಕಂಡ ಜುಂಜಣ್ಣ ಕಾಲು ಊರಿ ನಿಂತುಬಿಟ್ಟ. ಎಳೆದರೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಜ್ಜಿಯ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದ.

"ಚಿತ್ರಲಿಂಗ! ನಾನು ಚಿತ್ರಲಿಂಗ ಅಜ್ಜಿ! ಸರಿಯಾಗಿ ಹೇಳ್ತಾ ಇವ್ನಿ! ಚಿತ್ರಲಿಂಗ!"

ಸರಿಯಾಗಿ ಹೇಳಿದರೆ ಬಿಡುತ್ತಾರೆ ಎಂದು ಅಜ್ಜಿಯೇ ಅಲ್ಲವೇ ಕಲಿಸಿದ್ದು! ಹಗ್ಗದ ಆಚೆಯಿಂದ ಓಗೊಟ್ಟ ದನಿ ಕಾಳಕ್ಕನಿಗೆ ನೆನಪಾಯಿತು. ಅವಳು ಓಡಿಹೋಗಿ ಹುಡುಗನನ್ನು ಬಾಚಿ ತಬ್ಬಿಕೊಂಡಳು.

"ಅಲ್ಲ ಸ್ವಾಮಿ! ಅವ್ನು ಚಿತ್ರಲಿಂಗ ಅಲ್ಲ! ಬಿಡ್ರಿ, ನನ್ನ ಮಗಳ ಮಗ ಅವ್ನು. ಜುಂಜಣ್ಣ. ಪುಡಿ ತಿಂದವ್ನು ಮನೇಲವ್ನೆ. ತಪ್ಪಾತು, ನಿಮ್ಮ ಕಾಲಿಗೆ ಬೀಳ್ತೀನಿ, ಬಿಡ್ರಿ!"

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಿಸಿ ಹಣೆ, ಕುರಿಯ ತೊಗಲು, ಅಂಗಿ, ಮುಳ್ಳು, ಪ್ಲೇಗಿನ ಶೆಡ್ಡು, ಗಂಡ. ಮುರುಗೇಶಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು.

"ತಲೆ ನೆಟ್ಟಗಿದೆಯೇನು ನಿನಗೆ? ಇದೇ ರಕ್ತ ಶುದ್ಧ ಇದ್ದಿದ್ದರೆ ನಾನು ಔಷಧಿ ಸಾಕು ಅಂದುಬಿಡುತ್ತಿದ್ದೆ. ಮನೆಯಲ್ಲಿರುವ ಹುಡುಗನ ಗತಿ?"

ಕಾಳಕ್ಕ ಬಗ್ಗಿಸಿದ ತಲೆ ಎತ್ತಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು:

"ಸ್ವಾಮಿ, ನಾನು ಮುಳ್ಳು ಚುಚ್ಚಿದ್ದಕ್ಕೆ ಬಂತಾ ಇವ್ನಿಗೆ?"

ಡಾಕ್ಟರು ಇನ್ನೂ ಏನೋ ಬಯ್ಯುವವರಿದ್ದರು. ಅವಳ ಮುಖ ನೋಡಿ ನಿಲ್ಲಿಸಿದರು.

"ಇಲ್ಲ ಅಜ್ಜಿ. ಮುಳ್ಳಿನಿಂದ ಬರುವುದಲ್ಲ ಇದು. ನಾಲೆಯ ಸೊಳ್ಳೆಯಿಂದ ಬರುವುದು. ಎಷ್ಟು ದಿನದಿಂದ ಇವನ ಮೈಯಲ್ಲಿ ಇತ್ತೋ."

"ಕುಣಿದಾಡೋ ಹುಡುಗ ಸ್ವಾಮಿ. ಒಂದಿನ ಮಲಗಿದ್ದಿಲ್ಲ."

"ಕುಣಿಯುವ ಮಕ್ಕಳಲ್ಲೂ ಇರುತ್ತದೆ. ಇವತ್ತು ಕುಣಿಯುತ್ತವೆ, ಒಂದು ದಿನ ಮಲಗುತ್ತವೆ. ಇವನಿಗೆ ಇನ್ನೂ ಪುಡಿಯೇ ಬಿದ್ದಿಲ್ಲ, ಇಲ್ಲಿ ಇಟ್ಟುಕೊಳ್ಳುವ ಅಗತ್ಯವಿಲ್ಲ. ಮನೆಯಲ್ಲೇ ಕೊಡು. ನಾಳೆ ಬೆಳಗ್ಗೆ ಆ ಚಿತ್ರಲಿಂಗನನ್ನು ಕರೆದುಕೊಂಡು ಬಾ. ಅವನನ್ನೇ ಕರೆದುಕೊಂಡು ಬಾ!"

ಸುಳ್ಳು ಹೇಳಿ ಬಂದ ಮಗುವನ್ನು ಇಟ್ಟುಕೊಳ್ಳುತ್ತಿದ್ದರು, ನಿಜ ಹೇಳಿದ ಮೇಲೆ ಬಿಟ್ಟುಕೊಟ್ಟರು. ಇದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಒಂದೇ: ಈಗ ಹೆದರುವುದಕ್ಕೆ ಇಬ್ಬರು ಮಕ್ಕಳು. ಹೊರಗೆ ಬಂದು ಸಂತೆಯಲ್ಲಿ ಮಂಡಕ್ಕಿ ಕೊಡಿಸಿದಳು. ಜುಂಜಣ್ಣ ಬಿಕ್ಕುತ್ತಲೇ ತಿಂದ.

ಹಟ್ಟಿಯ ಬಾಗಿಲಲ್ಲಿ ದುರುಗಕ್ಕ ನಿಂತಿದ್ದಳು. ಮಗನ ಎರಡೂ ಕಿವಿಯಲ್ಲಿ ಒಣಗಿದ ರಕ್ತ ಕಂಡು ತಾಯಿಯ ಮುಖ ನೋಡಿದಳು. ಕಾಳಕ್ಕ ಏನನ್ನೂ ಬಚ್ಚಿಡದೆ ಹೇಳಿದಳು. ದುರುಗಕ್ಕ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ನಿನಗೆ ಮಗನ ಮಗ ಹೆಚ್ಚು, ನನ್ನ ಮಗ ಹೋದ್ರೂ ಆಗ್ತದೆ ಅಲ್ವೇನವ್ವಾ?"

"ಹಂಗಲ್ಲ ಕಣೇ ದುರುಗಿ..."

"ಮತ್ತೆ ಹೆಂಗೆ? ಹೇಳು. ಹೆಂಗೆ?"

ದುರುಗಕ್ಕ ಮಗನನ್ನೂ ಪುಡಿಯ ಪೊಟ್ಟಣವನ್ನೂ ಕಸಿದುಕೊಂಡು ಹೋದಳು. ಬೇಲಿಯಾಚೆಯಿಂದ ಎಂದಿನಂತೆ ಬರಗೇರಮ್ಮನ ದನಿ ಬಂತು:

"ಅತ್ತೇ, ರಕ್ತ ನೋಡಿದ್ರಾ? ಏನಂದ್ರು?"

"ನಾಳೆ ನೋಡ್ತಾರಂತೆ," ಎಂದಳು ಕಾಳಕ್ಕ.

ಮರುದಿನ ಅದೇ ಏರಿಯ ಮೇಲೆ ಚಿತ್ರಲಿಂಗನನ್ನು ಸೊಂಟದಲ್ಲಿ ಇಟ್ಟುಕೊಂಡು ನಡೆದಳು. ಜಾಲಿಮರ ಬಂದಾಗ ಮುಖ ಆಚೆ ತಿರುಗಿಸಿದಳು. ಹಿಂದೆ ದುರುಗಕ್ಕನೂ ಮಗನನ್ನು ಎತ್ತಿಕೊಂಡು ಬರುತ್ತಿದ್ದಳು. ಡಾಕ್ಟರ ಬಾಯಿಂದಲೇ ಕೇಳಬೇಕು, ನಿನ್ನ ಮಾತು ನಂಬುವುದಿಲ್ಲ ಎಂದು ಬಂದಿದ್ದಳು.

ಡಾಕ್ಟರು ಚಿತ್ರಲಿಂಗನ ಕಿವಿ ಚುಚ್ಚಿದರು. ಕಾಳಕ್ಕ ಈ ಸಲ ತಾನೇ ಅವನ ತಲೆ ಹಿಡಿದುಕೊಂಡಳು. ಆಮೇಲೆ ಅದೇ ಜಗಲಿ, ಅದೇ ಕಂಬ. ಒಳಗಿನ ಮಂಚದಲ್ಲಿ ಅಲ್ಲಾಡುತ್ತಿದ್ದ ಕಂಬಳಿ ಅಲ್ಲಾಡುತ್ತಿರಲಿಲ್ಲ. ಅದರೊಳಗಿದ್ದವರಿಗೆ ವಾಸಿಯಾಯಿತೋ, ಸತ್ತೇಹೋದರೋ ಎಂದು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಹಣೆಯ ಬಿಸಿ ನಿಜವಾಗಿದ್ದರೆ, ಹುಳು ಉಳಿದಿದ್ದರೆ, ಇವನು ಪುಡಿ ತಿಂದವನು, ಇವನನ್ನು ಖಂಡಿತ ಇಟ್ಟುಕೊಳ್ಳುತ್ತಾರೆ. ಇಂದು ಹೇಳಲು ಯಾವ ಸುಳ್ಳೂ ಅವಳ ಬಳಿ ಇರಲಿಲ್ಲ. ಮಗು ಅವಳ ತೊಡೆಯ ಮೇಲೆ ಬೆರಳು ಚೀಪುತ್ತ ಕುಳಿತಿತ್ತು. ಅವಳು ಅದರ ಹಣೆ ಮುಟ್ಟಲಿಲ್ಲ. ಮುಟ್ಟಿದರೆ ಬಿಸಿ ಇರುತ್ತದೆ ಎಂದು ಹೆದರಿ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಅಜ್ಜಿ," ಎಂದು ಡಾಕ್ಟರೇ ಬಾಗಿಲಿಗೆ ಬಂದರು. "ಇವನ ರಕ್ತದಲ್ಲಿ ಏನೂ ಇಲ್ಲ. ಚೆನ್ನಾಗಿದ್ದಾನೆ. ಕರೆದುಕೊಂಡು ಹೋಗು."

ಕಾಳಕ್ಕ ಅಲ್ಲೇ ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಅತ್ತಳು. ದುರುಗಕ್ಕ ಸ್ವಲ್ಪ ಹೊತ್ತು ಆಚೆ ನೋಡುತ್ತ ನಿಂತಿದ್ದು, ಆಮೇಲೆ ಬಂದು ತಾಯಿಯ ಪಕ್ಕ ಕುಳಿತಳು. ಚಿತ್ರಲಿಂಗನನ್ನು ಎತ್ತಿ ತನ್ನ ತೊಡೆಗೆ ಹಾಕಿಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಕಾಳಕ್ಕನಿಗೂ ಸುಖವಾಗಿತ್ತು. ಹಟ್ಟಿಗೆ ಮರಳಿದಾಗ ಹುಡುಗರ ಹಿಂಡು ಮಂಡಕ್ಕಿಗೆ ಎಂದು ಓಡಿ ಬಂತು. ಬರುವಾಗ ಅಂಗಡಿಯಲ್ಲಿ ಕೊಂಡು ಸೆರಗಿಗೆ ಕಟ್ಟಿದ್ದ ಗಂಟು ಬಿಚ್ಚಿ ಒಬ್ಬೊಬ್ಬರ ಬೊಗಸೆಗೂ ಹಾಕುತ್ತ ಅವಳು ಆ ಮುಖಗಳನ್ನು ನೋಡಿದಳು. ಎಲ್ಲರೂ ನಗುತ್ತಿದ್ದರು, ತಳ್ಳಾಡುತ್ತಿದ್ದರು, ಕುಣಿಯುತ್ತಿದ್ದರು. ಕುಣಿಯುವ ಮಕ್ಕಳಲ್ಲೂ ಇರುತ್ತದೆ. ಅವಳಿಗೆ ಗೊತ್ತಿಲ್ಲದಂತೆಯೇ ಎಡಗೈ ಒಂದು ಮಗುವಿನ ಪಕ್ಕೆಯ ಕೆಳಗೆ ಹೋಯಿತು. ಡಾಕ್ಟರು ಒತ್ತಿದಲ್ಲಿಯೇ ಒತ್ತಿತು. ಮೆತ್ತಗಿತ್ತು. ಇನ್ನೊಂದು. ಮೆತ್ತಗೇ ಇತ್ತು. ನೆರೆಮನೆಯ ಕೆಂಚಕ್ಕನ ಮಗಳು ಬೊಗಸೆ ಒಡ್ಡಿ ನಿಂತಾಗ ಕಾಳಕ್ಕನ ಬೆರಳು ನಿಂತುಬಿಟ್ಟಿತು. ಅಲ್ಲಿ ಕಲ್ಲು ಇಟ್ಟಂತೆ ಇತ್ತು.

"ಏನು ಮಾಡ್ತೀಯ ಕಾಳಕ್ಕ?" ಕೆಂಚಕ್ಕ ಬಾಗಿಲಿಂದ ಓಡಿಬಂದಳು. "ನನ್ನ ಮಗಳ ಮೈ ಯಾಕೆ ಒತ್ತಿ ನೋಡ್ತೀಯ?"

"ನಾಳೆ ಹಿರಿಯೂರಿಗೆ ಹೋಗಾಣ ಕೆಂಚಿ. ಇವಳ ರಕ್ತ ತೋರಿಸಾಣ."

"ಥೂ, ಬಿಡ್ತು ಅನ್ನು! ಗುಂಡುಕಲ್ಲಿನಂಗವ್ಳೆ ನನ್ನ ಮಗಳು. ಕಿವಿ ಚುಚ್ಚಿ ಅಲ್ಲೇ ಮಲಗಿಸ್ಕಂತಾರಂತೆ. ನಾನು ಕಳಿಸಲ್ಲ."

ಕೆಂಚಕ್ಕ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕಣ್ಣಿನಲ್ಲಿ ಇದ್ದದ್ದು ಏನೆಂದು ಕಾಳಕ್ಕನಿಗಿಂತ ಚೆನ್ನಾಗಿ ಬಲ್ಲವರು ಹಟ್ಟಿಯಲ್ಲಿ ಯಾರಿದ್ದರು! ಮೈ ಒತ್ತಿ ನೋಡಿದವಳು ಈಗ ತಾನು. ಅವಳು ಕೆಂಚಕ್ಕನ ಕೈ ಹಿಡಿದು, ಆ ಕೈಯನ್ನು ತನ್ನ ಕಿವಿಯ ಮೇಲೆ ಇಟ್ಟುಕೊಂಡಳು.

"ಮೊದ್ಲು ನನ್ನ ಕಿವಿ ಚುಚ್ಚಲಿ. ನೀನು ನಿಂತು ನೋಡು. ಮಲಗಿಸ್ಕಂಡ್ರೆ ನಾನೂ ಅಲ್ಲೇ ಮಲಗ್ತೀನಿ. ಬೆಳಿಗ್ಗೆ ಬೇಗ ಏಳು."

ಬೆಳಗ್ಗೆ ಅವರು ಹೋದರು. ಆಮೇಲೆ ಹಟ್ಟಿಯಿಂದ ಎಷ್ಟೋ ತಾಯಂದಿರು ಕಾಳಕ್ಕನ ಹಿಂದೆ ಆ ಏರಿಯ ಮೇಲೆ ನಡೆದರು. ಅವಳಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಅವರೂ ಹೇಳುತ್ತಿದ್ದರು. ಕೆಂಚಕ್ಕ ಮಾತ್ರ ಹಾಗೆ ಹೇಳಲಿಲ್ಲ. ಮಂಡಕ್ಕಿ ಹಂಚಿದ ಆ ಸಂಜೆ ತನ್ನ ಕೈ ಹಿಡಿದುಕೊಂಡಿದ್ದ ಆ ಕೈ ಎಷ್ಟು ನಡುಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು.